ಸೀಟಿನ ಕೆಳಗಿನ ನಿಂಬೆಹಣ್ಣು

ನನ್ನ ಸೈಕಲ್ಲಿನ ಸೀಟಿನ ಕೆಳಗೆ ಅಂಗೈಯಗಲದ ಒಂದು ಚೀಲವಿದೆ. ಅದರಲ್ಲಿ ಒಂದು ಹೆಚ್ಚುವರಿ ಟ್ಯೂಬು, ಟೈರು ಬಿಚ್ಚುವ ಎರಡು ಪ್ಲಾಸ್ಟಿಕ್ ಪಟ್ಟಿ, ಪ್ಯಾಚಿನ ಡಬ್ಬಿ ಇರುತ್ತವೆ. ಹೋದ ಭಾನುವಾರ ಪ್ಯಾಚು ಹುಡುಕಲು ಕೈ ಹಾಕಿದರೆ ಇವೆಲ್ಲದರ ತಳದಲ್ಲಿ ಒಂದು ಒಣಗಿದ ನಿಂಬೆಹಣ್ಣು ಸಿಕ್ಕಿತು. ಅಡಿಕೆಯಷ್ಟು ಗಟ್ಟಿ, ಬಣ್ಣ ಹಳೆಯ ಚಪ್ಪಲಿಯದು, ಅಲ್ಲಾಡಿಸಿದರೆ ಒಳಗೆ ಬೀಜ ಸದ್ದು ಮಾಡುತ್ತದೆ. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಮತ್ತೆ ಅಲ್ಲಿಯೇ ಇಟ್ಟೆ.

ನೋಡಿಕೊಂಡದ್ದೇಕೆ ಎಂದು ನೀವು ಕೇಳಬಹುದು. ವಾಹನಗಳಿಗೆ ನಿಂಬೆಹಣ್ಣು ಕಟ್ಟುವವರ ವಿರುದ್ಧ ನಾನು ಕಾಲೇಜಿನ ವೇದಿಕೆಯ ಮೇಲೆ ಏಳು ನಿಮಿಷ ಮಾತಾಡಿ ಬಹುಮಾನ ತೆಗೆದುಕೊಂಡವಳು. ಆ ಹಣ್ಣುಗಳನ್ನೆಲ್ಲ ಹಿಂಡಿದ್ದರೆ ವಿಜಯವಾಡದ ಒಂದು ಬೇಸಿಗೆ ತಣ್ಣಗಾಗುತ್ತಿತ್ತು ಎಂದದ್ದಕ್ಕೆ ಸಭೆ ಚಪ್ಪಾಳೆ ಹೊಡೆದಿತ್ತು. ಆ ಬಹುಮಾನದ ಕಪ್ಪಿನಲ್ಲಿ ಈಗ ಅವ್ವ ಗುಂಡಿ, ಸೇಫ್ಟಿಪಿನ್ನು ಹಾಕಿ ಇಟ್ಟಿದ್ದಾಳೆ.

ಚರ್ಚಾ ತಂಡದಲ್ಲಿ ನಮಗೆ ತರಬೇತಿ ಕೊಟ್ಟ ಮೇಷ್ಟ್ರು ಕಲಿಸಿದ ಮೊದಲ ಪಾಠ ಇದು: ಎದುರಾಳಿ ಬಾಯಿ ತೆರೆದ ಕೂಡಲೇ ಮಾತು ಎಲ್ಲಿಗೆ ಹೊರಟಿದೆ ಎಂದು ಹಿಡಿಯಬೇಕು, ಅದು ಅಲ್ಲಿಗೆ ತಲುಪುವಷ್ಟರಲ್ಲಿ ನಾವು ಮೊದಲೇ ಹೋಗಿ ಬಾಗಿಲು ಹಾಕಿರಬೇಕು. ಈ ಪಾಠ ನನಗೆ ಬೇಕಾದ್ದಕ್ಕಿಂತ ಹೆಚ್ಚೇ ಹತ್ತಿತು. ಒಮ್ಮೆ ಹಾಲಿನವನು ಬಾಗಿಲಲ್ಲಿ ನಿಂತು ತೆಲುಗಿನಲ್ಲಿ "ಅಮ್ಮಾ, ನಾಳೆ..." ಎಂದ. ನಾಳೆ ಅವನು ರಜೆ ಹಾಕುತ್ತಾನೆಂದು ಹಿಡಿದ ನಾನು, ಮುನ್ಸೂಚನೆ ಇಲ್ಲದ ರಜೆ ಗಿರಾಕಿಗೆ ಮಾಡುವ ಅನ್ಯಾಯ ಹೇಗೆ ಎಂದು ವಿವರಿಸಿದೆ. ಆತ ತಾಳ್ಮೆಯಿಂದ ಕೇಳಿಸಿಕೊಂಡ. ಅವನು ಹೇಳಬೇಕೆಂದಿದ್ದದ್ದು, ನಾಳೆ ಅರ್ಧ ಗಂಟೆ ಮೊದಲೇ ಬರುತ್ತೇನೆ ಎಂದು.

ನಾವು ಗದಗಿನ ಕಡೆಯವರು. ಅಪ್ಪ ಬ್ಯಾಂಕಿನ ಅಧಿಕಾರಿ. ವಿಜಯವಾಡಕ್ಕೆ ವರ್ಗವಾದಾಗ ನನಗೆ ಆರು ವರ್ಷ. ಮೂರು ವರ್ಷಕ್ಕೆ ಬೇರೆ ಕಡೆ ಹಾಕುತ್ತಾರೆ ಎಂದು ಅವ್ವ ಹಿತ್ತಾಳೆಯ ಪಾತ್ರೆಗಳ ಡಬ್ಬ ಬಿಚ್ಚದೆ ಹಾಗೇ ಮಂಚದ ಕೆಳಗೆ ಇಟ್ಟಿದ್ದಳು. ಅಪ್ಪ ಸುತ್ತಮುತ್ತಲ ಶಾಖೆಗಳನ್ನೆಲ್ಲ ಸುತ್ತಿ ಬಂದರೂ ಮನೆ ಅಲ್ಲಿಯೇ ನಿಂತಿತು. ಡಬ್ಬ ಬಿಚ್ಚಿದ್ದು ನಾನು ಹತ್ತನೆಯ ಇಯತ್ತೆ ಮುಗಿಸಿದ ಮೇಲೆ. ಅಷ್ಟರಲ್ಲಿ ನನಗೆ ಜಗಳಕ್ಕೆ ತೆಲುಗು, ಲೆಕ್ಕಕ್ಕೆ ಇಂಗ್ಲಿಷು, ಹಸಿವಾದಾಗ ಕನ್ನಡ ಎಂದು ಭಾಷೆಗಳು ತಮ್ಮಷ್ಟಕ್ಕೆ ಹಂಚಿಕೆಯಾಗಿದ್ದವು. ಅವ್ವನ ತೆಲುಗು ಬೇರೆ ಬಗೆಯದು. ಅವಳಿಗೆ ಆ ಭಾಷೆಯಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಗೌರವಕ್ಕೆ ಹಚ್ಚುವ 'ಅಂಡಿ'. ಅದನ್ನು ಅವಳು ಎಲ್ಲರಿಗೂ ಹಚ್ಚುತ್ತಾಳೆ. ಮೆಟ್ಟಿಲ ಮೇಲೆ ಮಲಗಿದ ನಾಯಿಗೂ "ಸ್ವಲ್ಪ ಸರೀರಿ ಅಂಡಿ" ಎನ್ನುತ್ತಾಳೆ. ಅದು ಸರಿಯುತ್ತದೆ.

ನಾನು ಈಗ ವಿಶಾಖಪಟ್ಟಣದಲ್ಲಿದ್ದೇನೆ. ಅಚ್ಯುತಾಪುರಂನ ಒಂದು ಔಷಧ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಮಾತ್ರೆಗಳ ಮೇಲೆ ಅನುಮಾನ ಪಡುವುದು ನನ್ನ ಕೆಲಸ. ಅದಕ್ಕೆ ಸಂಬಳ ಕೊಡುತ್ತಾರೆ ಎನ್ನುವುದು ನನಗೆ ಇಂದಿಗೂ ಸೋಜಿಗ. ಕೆಲಸ ಸಿಕ್ಕಿದ ಮೇಲೆ ತೆಳ್ಳನೆ ಗಾಲಿಯ ಒಂದು ರೋಡ್ ಸೈಕಲ್ ಕೊಂಡೆ. ನನ್ನ ಹಳೆಯ ಗೇರ್ ಸೈಕಲ್ ವಿಜಯವಾಡದ ಮನೆಯ ಬಾಲ್ಕನಿಯಲ್ಲಿ ಉಳಿಯಿತು. ಅಪ್ಪ ಅದರ ಹ್ಯಾಂಡಲ್ಲಿನ ಮೇಲೆ ಟವೆಲ್ ಒಣಹಾಕಲು ಶುರು ಮಾಡಿದರು. ಒಂದು ದಿನ ಬೆಳಿಗ್ಗೆ ಅವರು ಎದ್ದು ನೋಡಿದರೆ ಟವೆಲ್ ನೆಲದ ಮೇಲಿತ್ತು, ಸೈಕಲ್ ಇರಲಿಲ್ಲ, ಅವ್ವನೂ ಇರಲಿಲ್ಲ.

ಹುಡುಗಿಯಾಗಿದ್ದಾಗ ಕಲಿತದ್ದು ಮೂವತ್ತು ವರ್ಷ ಕಳೆದರೂ ಅವ್ವನ ಕಾಲಿನಲ್ಲಿ ಹಾಗೇ ಇತ್ತು. ಅಂದಿನಿಂದ ದಿನಾ ಬೆಳಿಗ್ಗೆ, ಬಿಸಿಲು ಹಲ್ಲು ತೋರಿಸುವ ಮುನ್ನ, ಚೂಡಿದಾರದ ಕಾಲಿಗೆ ರಬ್ಬರ್ ಬ್ಯಾಂಡ್ ಹಾಕಿಕೊಂಡು ಕಾಲುವೆಯ ಏರಿಯ ಮೇಲೆ ಒಂದು ಗಂಟೆ. ಆ ಗಂಟೆಯಲ್ಲಿ ಅವಳು ಫೋನ್ ಎತ್ತುವುದಿಲ್ಲ. ಏನು ಯೋಚಿಸುತ್ತೀ ಎಂದು ಒಮ್ಮೆ ಕೇಳಿದ್ದೆ. "ಏನೂ ಇಲ್ಲ. ಅದಕ್ಕ ಹೋಗೂದು" ಅಂದಳು. ಇದಕ್ಕೆ ಪ್ರತಿವಾದ ಹೂಡುವುದು ಹೇಗೆಂದು ನಮ್ಮ ಮೇಷ್ಟ್ರು ಕಲಿಸಿರಲಿಲ್ಲ.

ಎರಡು ವರ್ಷದ ಹಿಂದೆ ಏರಿಯ ಮೇಲೆ ಎಮ್ಮೆಯೊಂದು ಮನಸ್ಸು ಬದಲಾಯಿಸಿ ಅಡ್ಡ ಬಂದು, ಅವ್ವ ಬಿದ್ದು, ಬಲಗೈ ಮಣಿಕಟ್ಟಿಗೆ ಆರು ವಾರ ಪ್ಲಾಸ್ಟರ್ ಹಾಕಿದರು. ಆ ಆರು ವಾರ ಜೋಳದ ರೊಟ್ಟಿ ತಟ್ಟಿದವರು ಅಪ್ಪ. ಆ ರೊಟ್ಟಿಗಳು ದುಂಡಗಿರಲಿಲ್ಲ. ಒಂದೊಂದೂ ಒಂದೊಂದು ಜಿಲ್ಲೆಯ ನಕ್ಷೆಯಂತಿದ್ದವು. ಅವುಗಳ ಬಗ್ಗೆ ನಾವು ನಕ್ಕೆವು. ಅಪ್ಪ ಮಾತ್ರ ನಗಲಿಲ್ಲ. ಸುದ್ದಿ ತಿಳಿದು ನಾನು ವಿಜಯವಾಡಕ್ಕೆ ಓಡಿಹೋದಾಗ, ಆಸ್ಪತ್ರೆಯ ಬೆಂಚಿನ ಮೇಲೆ ಅವರು ಅವ್ವನ ಚಪ್ಪಲಿ ಎರಡನ್ನೂ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದನ್ನು ನಾನು ನೋಡಿದ್ದೆ. ಪ್ಲಾಸ್ಟರ್ ಬಿಚ್ಚಿದ ದಿನ ಅವರು ಷರತ್ತು ಹಾಕಿದರು. ಇನ್ನೊಮ್ಮೆ ಸೈಕಲ್ಲಿನಿಂದ ಮೈಮೇಲೆ ಒಂದು ಗೀರು ಬಿದ್ದರೂ ಸೈಕಲ್ ಮನೆಯಿಂದ ಹೊರಗೆ. ಅವ್ವ ಹೂಂ ಅಂದಳು. ಅವಳ ಹೂಂ ಹಗುರವಾದುದಲ್ಲ; ಒಮ್ಮೆ ಅಂದರೆ ಮುಗಿಯಿತು.

ಇಷ್ಟಾದ ಮೇಲೂ ಅವಳಿಗೆ ಒಂದು ಆಸೆ ಹುಟ್ಟಿದ್ದಕ್ಕೆ ನಾನೇ ಕಾರಣ. ವಿಶಾಖಪಟ್ಟಣದ ಸೈಕಲ್ಲಿನವರಿಗೆ ಅರಕು ಕಡೆಯ ಘಾಟಿಯೆಂದರೆ ಪರೀಕ್ಷೆಯ ಹಾಗೆ. ಶೃಂಗವರಪುಕೋಟ ದಾಟಿದ ಮೇಲೆ ರಸ್ತೆ ಬೆಟ್ಟಕ್ಕೆ ಬಿದ್ದು, ತಿರುತಿರುಗಿ ಅನಂತಗಿರಿಯವರೆಗೆ ಏರುತ್ತದೆ. ಅದನ್ನು ಹತ್ತಿದ ಪ್ರತಿ ಸಲ ನಾನು ಅವ್ವನಿಗೆ ಫೋಟೋ ಕಳಿಸುತ್ತಿದ್ದೆ. ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಅದರ ಕೆಳಗೆ ಕಾಫಿ ಗಿಡ, ಅದರ ಕೆಳಗೆ ಮಂಜು. ಅವಳು ಒಂದು ಸಲವೂ ಚೆಂದ ಐತಿ ಎಂದು ಉತ್ತರಿಸಲಿಲ್ಲ. ಕೊನೆಗೆ ಒಂದು ದಿನ, ನನ್ನ ಸೈಕಲ್ಲಿನ ಸಣ್ಣ ಗೇರಿಗೆ ಎಷ್ಟು ಹಲ್ಲು ಎಂದು ಕೇಳಿದಳು. ಅವಳು ಬರುವುದು ಖಾತ್ರಿಯಾಯಿತು.

ಅಪ್ಪನನ್ನು ಒಪ್ಪಿಸುವ ಹೊಣೆ ನಾನು ಹೊತ್ತೆ. ಫೋನಿನಲ್ಲಿ ನಲವತ್ತು ನಿಮಿಷ ಮಾತಾಡಿದೆ. ಘಾಟಿಯಲ್ಲಿ ಎಮ್ಮೆಗಳಿಲ್ಲ ಎಂಬಲ್ಲಿಂದ ಹಿಡಿದು, ಅಪಾಯವೆಂಬುದು ಸ್ನಾನದ ಮನೆಯಲ್ಲೂ ಇರುತ್ತದೆ ಎಂಬಲ್ಲಿಯವರೆಗೆ. ಅಪ್ಪ ಎಲ್ಲವನ್ನೂ ಕೇಳಿಸಿಕೊಂಡರು. ಅರ್ಜಿಯನ್ನು ಹಿಂಬದಿಯ ಸಣ್ಣ ಅಕ್ಷರದವರೆಗೆ ಓದಿ ಸಹಿ ಹಾಕುವವರು ಅವರು. ಕಡೆಗೆ, ಷರತ್ತು ಘಾಟಿಗೂ ಅನ್ವಯಿಸುತ್ತದೆ, ಇಳಿದ ಕೂಡಲೇ ವಿಡಿಯೋ ಕಾಲ್ ಮಾಡಬೇಕು, ಕೈಕಾಲು ನಾನೇ ನೋಡುತ್ತೇನೆ ಅಂದರು. ಅವಳನ್ನು ಗೀರಿಲ್ಲದೆ ಇಳಿಸುತ್ತೇನೆ ಎಂದು ನಾನು ಮಾತು ಕೊಟ್ಟೆ.

ಅವ್ವ ತನ್ನ ತಯಾರಿ ತಾನು ಮಾಡಿಕೊಂಡಳು. ವಿಜಯವಾಡದ ಆಟೋನಗರದಲ್ಲಿ ನಾಗೇಶ್ವರರಾವ್ ಎಂಬ ಮೆಕ್ಯಾನಿಕ್ ಇದ್ದಾರೆ. ಅವರ ಕಸುಬು ಲಾರಿಗಳ ಬ್ರೇಕು. ಸೈಕಲ್ ಮುಟ್ಟುವವರಲ್ಲ. ಆದರೆ ಅಪ್ಪನ ಶಾಖೆಯ ಹಳೆಯ ಗಿರಾಕಿಯಾದ್ದರಿಂದ ಅವ್ವನನ್ನು ವಾಪಸು ಕಳಿಸಲಾಗದೆ, ಲಾರಿ ಚಾಸಿಯ ಪಕ್ಕದಲ್ಲಿ ಅವಳ ಸೈಕಲ್ ತಲೆಕೆಳಗೆ ನಿಲ್ಲಿಸಿ ಬ್ರೇಕಿನ ರಬ್ಬರು, ತಂತಿ ಎಲ್ಲ ಹೊಸದು ಹಾಕಿಸಿ ಕೊಟ್ಟರಂತೆ. ಅರ್ಧ ದಿನ ಅವಳು ಅಲ್ಲಿ ಗ್ರೀಸಿನ ಡಬ್ಬದ ಮೇಲೆ ಪೇಪರ್ ಹಾಸಿಕೊಂಡು ಕುಳಿತು ಘಾಟಿ ಇಳಿಯುವ ವಿದ್ಯೆಯ ಬಗ್ಗೆ ಕೇಳಿ ತಿಳಿದುಕೊಂಡಳಂತೆ. ಇದನ್ನು ಫೋನಿನಲ್ಲಿ ಹೇಳಿದಾಗ, ಲಾರಿಯ ವಿದ್ಯೆ ಸೈಕಲ್ಲಿಗೆ ಏಕೆ ಹೊಂದುವುದಿಲ್ಲ ಎಂದು ನಾನು ವಿವರಿಸಿದೆ. ಏನು ವಿದ್ಯೆ ಎಂದು ಕೇಳಲಿಲ್ಲ.

ಅವ್ವ ಸೈಕಲ್ ಸಮೇತ ರೈಲಿನಲ್ಲಿ ಬಂದಳು. ಒಂದು ಭಾನುವಾರ ಶೃಂಗವರಪುಕೋಟದವರೆಗೆ ವ್ಯಾನಿನಲ್ಲಿ ಹೋಗಿ, ಅಲ್ಲಿಂದ ಹತ್ತಲು ಶುರು ಮಾಡಿದೆವು.

ಏರು ಶುರುವಾದಾಗ ನಾನು ಗುರುವಿನ ಸ್ಥಾನದಲ್ಲಿದ್ದೆ. ಉಸಿರು ಹೇಗೆ ಬಿಡಬೇಕು, ಗೇರು ಯಾವಾಗ ಇಳಿಸಬೇಕು ಎಂದು ಹೇಳುತ್ತಾ ಅವ್ವನ ಪಕ್ಕದಲ್ಲಿ ಹೋದೆ. ನಾಲ್ಕು ತಿರುವಿನ ನಂತರ ನನ್ನ ಮಾತು ತಾನಾಗಿ ನಿಂತಿತು, ಏಕೆಂದರೆ ಉಸಿರು ಬೇರೆ ಕೆಲಸಕ್ಕೆ ಬೇಕಾಗಿತ್ತು. ಅವ್ವ ಮೊದಲಿನಿಂದಲೂ ಮಾತಾಡಿರಲಿಲ್ಲವಾದ್ದರಿಂದ ಅವಳಿಗೆ ಏನೂ ಬದಲಾಗಲಿಲ್ಲ. ಕಾಲುವೆ ಏರಿಯ ಮೇಲೆ ಹೋಗುವ ಅದೇ ನಿಧಾನದಲ್ಲಿ, ಬೆಟ್ಟವನ್ನು ತಾನು ಗಮನಿಸಿಯೇ ಇಲ್ಲ ಎಂಬಂತೆ ತುಳಿಯುತ್ತಿದ್ದಳು. ಪ್ರವಾಸಿಗರ ಕಾರುಗಳು ನಮ್ಮನ್ನು ದಾಟುವಾಗ ಕಿಟಕಿ ಇಳಿಸಿ ಹೆಬ್ಬೆರಳು ತೋರಿಸುತ್ತಿದ್ದವು. ತೋರಿಸಿದ್ದು ಅವ್ವನಿಗೆ. ಐವತ್ತು ದಾಟಿದ ಹೆಂಗಸು ಘಾಟಿ ಹತ್ತಿದರೆ ಸಾಧನೆ, ಇಪ್ಪತ್ತಾರರವಳು ಹತ್ತಿದರೆ ಟ್ರಾಫಿಕ್ಕು.

ಅಲ್ಲಲ್ಲಿ ನಿಂತೆವು. ನನ್ನ ಜೇಬಿನಲ್ಲಿ ಸೈಕಲ್ಲಿನವರು ಚೀಪುವ, ಗೋಂದಿನಂಥ ಸಿಹಿ ಪೊಟ್ಟಣಗಳಿದ್ದವು. ಅವ್ವ ತಂದದ್ದು ಹುರಿದ ಶೇಂಗಾ ಮತ್ತು ಬೆಲ್ಲ. ದಾರಿಯಲ್ಲಿ ರೈಲು ಅನಕಾಪಲ್ಲಿಯಲ್ಲಿ ನಿಂತಾಗ ಎದುರಿನ ಸೀಟಿನವರಿಂದ ಕೇಳಿ ಪಡೆದ ಬೆಲ್ಲ ಅದು. ನಮ್ಮ ಕಡೆಯದಕ್ಕಿಂತ ಉಪ್ಪು ಒಂದು ಚೂರು ಮುಂದೆ ಎಂದು ತೀರ್ಪು ಕೊಟ್ಟು, ಇಡೀ ಅಚ್ಚನ್ನು ಅವಳೇ ಮುಗಿಸುತ್ತಾ ಬಂದಳು. ಕಾಫಿ ತೋಟದ ಅಂಚಿನ ಕಟ್ಟೆಯ ಮೇಲೆ ಕುಳಿತಾಗ ಕೆಳಗೆ ನಾವು ಬಂದ ದಾರಿ ಕಾಣುತ್ತಿತ್ತು. ಯಾರೋ ಕೈತಪ್ಪಿ ಬಿಟ್ಟ ನೂಲಿನಂತೆ ಅದು ಗಿಡಗಳ ನಡುವೆ ಬಿದ್ದಿತ್ತು. ಅವ್ವ ಬಹಳ ಹೊತ್ತು ಅದನ್ನೇ ನೋಡಿದಳು. ಇದಾದರೆ ಪ್ರತಿ ತಿಂಗಳೂ ಬರಬಹುದಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ನಾನು ಮೊಟ್ಟಮೊದಲ ಬಾರಿಗೆ ಅಪ್ಪನ ಷರತ್ತಿಗೆ ಹೆದರಿದೆ.

ಅನಂತಗಿರಿ ತಲುಪಿದಾಗ ಬಿಸಿಲು ಚೆನ್ನಾಗಿ ಬಂದಿತ್ತು. ಕಾಫಿ ಕುಡಿದೆವು. ಇಳಿಯಲು ಹೆಲ್ಮೆಟ್ ಹಾಕಿಕೊಳ್ಳುವಾಗ ಅವ್ವ ಅಂದಳು: "ಇಳಿಯುವಾಗ ನಡುವ ಅಮ್ಮವಾರಿನ ಗುಡಿ ಬರ್ತೈತೆಲ್ಲ, ಅಲ್ಲಿ ನಿಂದರಬೇಕಂತ. ನಾಗೇಶ್ವರರಾವ್ ಹೇಳ್ಯಾರ."

ಆ ಗುಡಿ ನನಗೆ ಗೊತ್ತು. ಘಾಟಿಯ ಅರ್ಧದಲ್ಲಿ, ಅಗಲವಾದ ಒಂದು ತಿರುವಿನ ಒಳಮಗ್ಗುಲಿಗೆ, ಆಳೆತ್ತರದ ಸಣ್ಣ ದೇವಿ ಗುಡಿ. ಇಳಿಯುವ ಲಾರಿಗಳೆಲ್ಲ ಅಲ್ಲಿ ನಿಲ್ಲುತ್ತವೆ. ಚಾಲಕರು ಕಾಯಿ ಒಡೆದು, ಕರ್ಪೂರ ಹಚ್ಚಿ, ನಿಂಬೆಹಣ್ಣು ತೆಗೆದುಕೊಂಡು ಹೋಗುತ್ತಾರೆ. ಪ್ರತಿ ಸಲವೂ ನಾನು ಅವರನ್ನು ದಾಟಿಕೊಂಡು, ಸ್ವಲ್ಪ ಜೋರಾಗಿಯೇ, ಇಳಿದು ಹೋಗುತ್ತಿದ್ದೆ. ಅವ್ವನ ಮಾತು ಎಲ್ಲಿಗೆ ಹೊರಟಿದೆ ಎಂದು ನನಗೆ ತಕ್ಷಣ ತಿಳಿಯಿತು.

"ಅವ್ವಾ, ನಿಂತವರು ಉಳಿದ್ರು ಅಂತೀ. ನಿಲ್ಲದವರು ಎಷ್ಟು ಮಂದಿ ಉಳಿದ್ರು, ಯಾರರ ಎಣಿಸ್ಯಾರೇನು?"

"ನಾ ಇನ್ನೂ ಹೇಳೇ ಇಲ್ಲಲ್ಲ."

"ಏನ್ ಹೇಳ್ತಿ ಗೊತ್ತೈತಿ ನನಗ."

ಮತ್ತೆ ನಾನು ಮುಂದುವರಿದೆ. ಅಭ್ಯಾಸಕ್ಕೂ ಕಾರಣಕ್ಕೂ ಇರುವ ವ್ಯತ್ಯಾಸ, ಭಯವು ಗುಡಿ ಕಟ್ಟುವ ಬಗೆ, ಎಲ್ಲವನ್ನೂ ಹೇಳಿದೆ. ಏಳು ನಿಮಿಷದ ಭಾಷಣ ನನಗೆ ಇನ್ನೂ ಬಾಯಿಪಾಠವಿದೆ ಎಂದು ತಿಳಿದು ಒಳಗೊಳಗೇ ಹೆಮ್ಮೆಯೂ ಆಯಿತು. ಅವ್ವ ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡು ಕಾಫಿ ಅಂಗಡಿಯವಳಿಗೆ "ಬರ್ತೀವ್ರಿ ಅಂಡಿ" ಎಂದು ಹೇಳಿ ಹೊರಟಳು.

ಇಳಿಜಾರಿನಲ್ಲಿ ನಾನು ಮುಂದೆ, ಅವಳು ಹಿಂದೆ. ಅವಳನ್ನು ಗೀರಿಲ್ಲದೆ ಇಳಿಸಬೇಕಾದ್ದರಿಂದ ನಾನು ಎರಡೂ ಬ್ರೇಕನ್ನು ಬಿಡದೆ ಹಿಡಿದುಕೊಂಡು, ಅವಳಿಗೆ ಹೊಂದುವಷ್ಟು ಮೆತ್ತಗೆ, ತಿರುವು ತಿರುವಿಗೆ ಕೂಗಿ ಹೇಳುತ್ತಾ ಇಳಿದೆ. ಗುಡಿಯ ತಿರುವು ಬಂತು. ಎರಡು ಲಾರಿ ನಿಂತಿದ್ದವು. ಕರ್ಪೂರದ ವಾಸನೆ. ಹಿಂದೆ ಅವ್ವನ ಬ್ರೇಕು ಕಿರ್ ಎಂದು ಅವಳು ನಿಂತದ್ದು ಕೇಳಿಸಿತು. ತಿರುಗಿ ನೋಡಲಿಲ್ಲ. ಸಿದ್ಧಾಂತಕ್ಕಾಗಿ ತಾಯಿಯನ್ನು ಬಿಟ್ಟು ಹೋಗುವುದರಲ್ಲಿ ಒಂದು ಗಾಂಭೀರ್ಯವಿದೆ ಎಂದು ಆ ಕ್ಷಣ ಅನ್ನಿಸಿತ್ತು. ಕೆಳಗೆ ಕಾಯೋಣ ಎಂದು ಇಳಿದೆ.

ಗುಡಿಯಿಂದ ಮೂರನೆಯ ತಿರುವಿನಲ್ಲಿ ಪಟಾಕಿ ಹೊಡೆದಂತೆ ಸದ್ದಾಯಿತು. ಹಿಂದಿನ ಗಾಲಿ ನನ್ನದಲ್ಲ ಎಂಬಂತೆ ಪಕ್ಕಕ್ಕೆ ಹೋಯಿತು. ನಾನು ರಸ್ತೆಯಂಚಿನ ಕೆಂಪು ಮಣ್ಣಿನ ಮೇಲೆ ಜಾರಿಕೊಂಡು ಹೋಗಿ, ಲಂಟಾನದ ಪೊದೆಯೊಂದರ ಮಡಿಲಲ್ಲಿ ಕುಳಿತೆ. ಮೊಣಕಾಲು, ಮೊಣಕೈ ತರಚಿದ್ದವು. ಎದುರಿನ ಕಟ್ಟೆಯ ಮೇಲೆ ಒಂದು ಕೋತಿ ತನ್ನ ಮರಿಯನ್ನು ಅಪ್ಪಿಕೊಂಡು ನನ್ನನ್ನೇ ನೋಡುತ್ತಿತ್ತು. ಅದು ನಿಲ್ಲಬೇಕಾದಲ್ಲಿ ನಿಂತಿತ್ತು.

ಸ್ವಲ್ಪ ಹೊತ್ತಿಗೇ ಅವ್ವ ಬಂದಳು. ಸೈಕಲ್ ಒರಗಿಸಿ, ನನ್ನ ತಲೆ, ಕೈ, ಕಾಲು ಎಲ್ಲ ಮುಟ್ಟಿ ನೋಡಿ, ಮೂಳೆ ಸರಿಯಾಗಿವೆ ಎಂದು ಖಾತ್ರಿಯಾದ ಮೇಲೆ, ವೇಲಿನ ಅಂಚು ಹರಿದು ಮೊಣಕಾಲಿಗೆ ಕಟ್ಟಿದಳು. ಆಮೇಲೆ ನನ್ನ ಗಾಲಿಯ ಕಡೆ ಗದ್ದ ತೋರಿಸಿ, "ಅದನ್ನ ಮುಟ್ಟು" ಅಂದಳು.

ಟೈರಿನ ಒಳಗಿನ ಲೋಹದ ಬಳೆಗೆ ಬೆರಳು ಇಟ್ಟೆ. ಹಂಚು ಮುಟ್ಟಿದಂತಾಗಿ ಕೈ ಕಿತ್ತುಕೊಂಡೆ.

"ಇನ್ನ ನಂದು ಮುಟ್ಟು."

ಅವಳದು ಬೆಚ್ಚಗಿತ್ತು, ಅಷ್ಟೇ.

"ದೇವರ ಸುದ್ದಿ ಯಾರು ತಗದಿದ್ರು? ಬ್ರೇಕ್ ಒಂದ ಸವನ ಹಿಡದು ಇಳದ್ರ ಗಾಲಿ ಕಾಯ್ತೈತಿ, ಟ್ಯೂಬ್ ಒಡೀತೈತಿ, ನಡುವ ನಿಂತು ಆರಸ್ರಿ ಅಂತ ಹೇಳ್ಯಾರ ಅವ್ರು. ಲಾರಿಯವ್ರು ಕಾಯಿ ಒಡದು, ಬೀಡಿ ಸೇದಿ ಹೋಗೂದ್ರಾಗ ಅವರ ಬ್ರೇಕೂ ಆರತಾವಂತ."

"ಇದನ್ನ ಮ್ಯಾಲ ಹೇಳಬೇಕಿತ್ತು."

"ಹೇಳಾಕ ಬಿಟ್ಟಿ ಏನು?"

ಮಾತ್ರೆಯ ಮೇಲೆ ಒಂದು ಡಿಗ್ರಿ ಶಾಖ ಹೆಚ್ಚಾದರೆ ಇಡೀ ರಾಶಿಯನ್ನೇ ತಿರಸ್ಕರಿಸುವ ಕೆಲಸದವಳು ನಾನು. ಉಜ್ಜಿದರೆ ಬಿಸಿಯಾಗುತ್ತದೆ ಎಂಬುದನ್ನು ಒಬ್ಬ ಲಾರಿ ಮೆಕ್ಯಾನಿಕ್ ನನ್ನ ತಾಯಿಯ ಮೂಲಕ ಹೇಳಿ ಕಳಿಸಿದ್ದ. ನಾನು ಅಂಚೆಯವಳನ್ನು ಬಾಗಿಲಲ್ಲೇ ನಿಲ್ಲಿಸಿ ಭಾಷಣ ಬಿಗಿದಿದ್ದೆ. ಆದರೂ ಸೋಲುವಾಗ ಒಂದು ಅಂಕವನ್ನಾದರೂ ಉಳಿಸಿಕೊಳ್ಳಬೇಕೆನ್ನುವುದು ನಮ್ಮ ತಂಡದ ರೂಢಿ. ಬರೀ ಬ್ರೇಕ್ ಆರಿಸಲು ನಿಂತಿದ್ದರೆ ಕೈ ಮುಗಿದದ್ದು ಏಕೆ ಎಂದು ಕೇಳಿದೆ. ಮುಗಿದಿರುತ್ತಾಳೆಂದು ನನಗೆ ಗೊತ್ತಿತ್ತು.

"ಕೈ ಖಾಲಿ ಇತ್ತು, ಮುಗದೆ" ಅಂದಳು ಅವ್ವ.

ಟ್ಯೂಬು ಬದಲಾಯಿಸಿ, ನಿಂತು ನಿಂತು, ಪ್ರತಿ ನಿಲುಗಡೆಯಲ್ಲೂ ಗಾಲಿ ಮುಟ್ಟಿ ನೋಡುತ್ತಾ ಬುಡ ತಲುಪಿದೆವು. ಚಹಾದ ಅಂಗಡಿಯ ಬೆಂಚಿನ ಮೇಲೆ ಕುಳಿತೆವು. ನನ್ನ ಮೊಣಕಾಲಿನ ಸುದ್ದಿ ತಿಳಿದರೆ ಅಪ್ಪ ಸೈಕಲ್ಲನ್ನು ನಾಳೆಯೇ ಹೊರಗೆ ಹಾಕುತ್ತಾರೆ; ಅವ್ವನ ಬೆಳಗಿನ ಆ ಒಂದು ಗಂಟೆ ನನ್ನಿಂದ ಹೋಗುತ್ತದೆ. ನಾನು ದಾರಿಯುದ್ದಕ್ಕೂ ವಾದ ಹೆಣೆದುಕೊಂಡಿದ್ದೆ. ಷರತ್ತು ಅವ್ವನ ಮೈಗೆ ಸಂಬಂಧಿಸಿದ್ದು, ನನ್ನ ಮೊಣಕಾಲು ಅದರ ವ್ಯಾಪ್ತಿಗೆ ಬರುವುದಿಲ್ಲ, ಬಾರದ್ದನ್ನು ತೋರಿಸುವ ಅಗತ್ಯವೂ ಇಲ್ಲ. ಕ್ಯಾಮೆರಾ ನಿನ್ನ ಕಡೆಯೇ ಇರಲಿ ಎಂದು ಅವ್ವನಿಗೆ ಹೇಳಿಕೊಟ್ಟೆ. ಅವಳು ಹೂಂ ಅನ್ನಲಿಲ್ಲ.

ಅಪ್ಪ ಮೊದಲ ರಿಂಗಿಗೇ ಎತ್ತಿದರು. ಮುಖ ತೋರಿಸು, ಎಡಗೈ ತೋರಿಸು, ಬಲಗೈ, ಮಣಿಕಟ್ಟು ತಿರುಗಿಸು ಎಂದು ಒಂದೊಂದನ್ನೇ ತಪಾಸಣೆ ಮಾಡಿದರು. ಎಲ್ಲ ಸರಿಯಿತ್ತು. ಅವರು ಉಸಿರು ಬಿಟ್ಟದ್ದು ನನಗೂ ಕೇಳಿಸಿತು. ಮುಗಿಯಿತು ಎಂದುಕೊಂಡೆ. ಅಷ್ಟರಲ್ಲಿ ಅವ್ವ ಫೋನನ್ನು ನಿಧಾನವಾಗಿ ತಿರುಗಿಸಿ ನನ್ನ ಮೊಣಕಾಲಿಗೆ ಹಿಡಿದಳು. ವೇಲಿನ ಪಟ್ಟಿಯ ಮೇಲೆ ರಕ್ತ ಒಸರಿತ್ತು.

"ನೋಡಿದ್ರೇನ್ರಿ? ಗೀರು ನನಗ ಬಿದ್ದಿಲ್ಲ. ಆಕಿಗೆ ಬಿದ್ದೈತಿ. ಆಕಿ ಅಂತೂ ಸೈಕಲ್ ಬಿಡೂ ಪೈಕಿ ಅಲ್ಲ. ಇಂಥಾಕಿನ್ನ ಒಬ್ಬಾಕಿನ್ನ ಘಾಟಿಗೆ ಕಳಸೂದು ನನಗ ಸರಿ ಅನಸವಲ್ದು. ತಿಂಗಳಿಗೊಮ್ಮೆ ನಾನ ಬಂದು ಹೋಗಬೇಕಾಕ್ಕೈತಿ."

  ಹೇಗಾಯಿತು ಎಂದು ಅಪ್ಪ ಕೇಳಿದರು. ಅವ್ವ ಹೇಳಿದಳು, ಗಾಲಿ, ಬಿಸಿ, ಗುಡಿ, ಎಲ್ಲ. ನೀನು ನಿಂತಿದ್ದೆಯಾ ಎಂದು ಕೇಳಿದರು. ನಿಂತಿದ್ದೆ ಅಂದಳು. ಅವಳು ನಿಲ್ಲಲಿಲ್ಲವಾ ಎಂದರು. "ಆಕಿ ವಾದ ಗೆದ್ದು ಹೋಗಿದ್ಲು" ಅಂದಳು ಅವ್ವ.



"ಹಂಗಾರ ಮುಂದಿನ ಸಲ ಆಕಿ ಹಿಂದ ಇಳೀಬ್ಯಾಡ," ಅಂದರು ಅಪ್ಪ. "ನೀ ಮುಂದ ಇರು."

ಅವ್ವನ ವಾದದಲ್ಲಿ ಮೂರು ದೋಷಗಳಿದ್ದವು. ನನ್ನ ಒಂದು ಬೀಳುವಿಕೆಯಿಂದ ನನ್ನ ಸ್ವಭಾವವನ್ನೇ ತೀರ್ಮಾನಿಸಿದ್ದು ಒಂದು. ಅವಳ ಇರುವಿಕೆ ಅಂದು ನನ್ನನ್ನು ಬೀಳದಂತೆ ತಡೆದಿರಲಿಲ್ಲ ಎನ್ನುವುದು ಎರಡು. ಮೂರನೆಯದು ಅಷ್ಟೇ ಗಟ್ಟಿಯಾದದ್ದು. ಬಾಯಿಯ ತುದಿಯವರೆಗೆ ಬಂದಿದ್ದವು. ಅವ್ವ ಫೋನ್ ಇಟ್ಟು, ಉಳಿದ ಕೊನೆಯ ಬೆಲ್ಲದ ಚೂರನ್ನು ನನ್ನ ಕಡೆ ಚಾಚಿದಳು. ಬಾಯಿಗೆ ಹಾಕಿಕೊಂಡೆ. ಉಪ್ಪು ನಿಜಕ್ಕೂ ಒಂದು ಚೂರು ಮುಂದಿತ್ತು.

ಗುಡಿಯ ನಿಂಬೆಹಣ್ಣನ್ನು ಅವಳು ನನ್ನ ಚೀಲಕ್ಕೆ ಯಾವಾಗ ಸೇರಿಸಿದಳೋ ಗೊತ್ತಿಲ್ಲ. ಟ್ಯೂಬು ಹಾಕುವಾಗಲೇ ಇರಬೇಕು. ಮುಂದಿನ ಭಾನುವಾರ ಅವಳು ಬರುತ್ತಾಳೆ. ಆಗ ಕೇಳಬೇಕು, ಕೇಳಿದ ಮೇಲೆ ಅವಳು ಹೇಳಿ ಮುಗಿಸುವವರೆಗೆ ಕಾಯಬೇಕು.